ಚಿಟ್ಟಿಲಿ ಟ್ಯೂಬು

“ಇಲಿ ಅಂದ್ರೆ ಯಾವ ಇಲಿ?”

ಕಪ್ಪು ಪರದೆಯ ಹಿಂದಿನಿಂದ ಬಂದ ಮಾತು. ಸೂಕ್ಷ್ಮದರ್ಶಕದ ಆ ಕತ್ತಲೆ ಕೋಣೆಯಲ್ಲಿ ಭಾರ್ಗವನನ್ನು ಬಿಟ್ಟರೆ ಇನ್ಯಾರೂ ಇರಲಿಲ್ಲ. ಹೊರಗೆ ಸಿಂಕಿನ ಮುಂದೆ ಗಾಜಿನ ತಟ್ಟೆ ತೊಳೆಯುತ್ತಿದ್ದ ಕೆಂಪಕ್ಕನನ್ನು ಅವನು ಕೇಳಿದ್ದಲ್ಲ. ಅವಳನ್ನು ಏನಾದರೂ ಕೇಳುವುದನ್ನೇ ಅವನು ಬಿಟ್ಟು ಎಂಟು ತಿಂಗಳಾಗಿತ್ತು. ಆದರೂ ಅವಳ ಕೈ ನಿಂತಿತು. ನಲ್ಲಿಯ ನೀರು ಮಾತ್ರ ಸುರಿಯುತ್ತಲೇ ಇತ್ತು.

ಜೆ.ಪಿ. ನಗರದ ಆ ಕಟ್ಟಡ ಹಿಂದೆ ಮದುವೆ ಛತ್ರವಾಗಿತ್ತು. ಒಂದು ಟ್ರಸ್ಟು ಅದನ್ನು ಕೊಂಡು ಮೆದುಳಿನ ಸಂಶೋಧನಾ ಕೇಂದ್ರ ಮಾಡಿತ್ತು. ಅಡುಗೆಮನೆಯಿದ್ದಲ್ಲಿ ಈಗ ಫ್ರೀಜರುಗಳು, ಹೆಣ್ಣಿನ ಕಡೆಯವರ ಕೋಣೆಯಲ್ಲಿ ಸೂಕ್ಷ್ಮದರ್ಶಕ. ಕೆಂಪಕ್ಕ ಇಟ್ಟಮಡುವಿನಿಂದ ಇಲ್ಲಿಗೆ ಕೆಲಸಕ್ಕೆ ಬರಲು ಶುರುಮಾಡಿ ಇಪ್ಪತ್ತೆರಡು ವರ್ಷ. ಮೊದಲ ಆರು ವರ್ಷ ಪ್ರಾಣಿಗಳ ಕೋಣೆಯಲ್ಲಿ ಪಂಜರ ತೊಳೆದಳು. ಅವಳ ಕೈ ನಡುಗುವುದಿಲ್ಲ, ಕಣ್ಣು ತಪ್ಪುವುದಿಲ್ಲ ಎಂಬುದನ್ನು ಗಮನಿಸಿದ ಹಳೆಯ ನಿರ್ದೇಶಕರು ಅವಳಿಗೆ ಆಂಟಿಬಾಡಿಗಳ ಕೆಲಸ ಕಲಿಸಿಹೋದರು.

ಅವಳಿಗೆ ಗೊತ್ತಿದ್ದದ್ದು ಇಷ್ಟು. ಮೆದುಳಿನಲ್ಲಿ ಇನ್ನೂ ಏನೂ ಆಗಿಲ್ಲದ, ಮುಂದೆ ಏನು ಬೇಕಾದರೂ ಆಗಬಲ್ಲ ಆಕರಕೋಶಗಳಿರುತ್ತವೆ; ಹುಡುಗರ ಬಾಯಲ್ಲಿ ಅವು ಸ್ಟೆಮ್ ಸೆಲ್. ಅವುಗಳೊಳಗೆ ನೆಸ್ಟಿನ್ ಎಂಬ ಪ್ರೋಟೀನಿನ ಎಳೆಗಳು. ನೆಸ್ಟಿನ್ ಕಂಡರೆ ಆಕರಕೋಶ ಇದೆ ಎಂದು ಲೆಕ್ಕ. ಅದನ್ನು ಕಾಣಿಸಲು ಎರಡು ಆಂಟಿಬಾಡಿ ಬೇಕು. ಮೊದಲನೆಯದು ಚಿಟ್ಟಿಲಿ ಎಂಬ ಪುಟ್ಟ ಜಾತಿಯ ಇಲಿಯಿಂದ ತಯಾರಾದದ್ದು. ಅದು ಹೋಗಿ ನೆಸ್ಟಿನ್ನಿಗೆ ಅಂಟಿಕೊಳ್ಳುತ್ತದೆ, ಆದರೆ ಕಣ್ಣಿಗೆ ಬೀಳುವುದಿಲ್ಲ. ಎರಡನೆಯದಕ್ಕೆ ಹಸಿರು ಬೆಳಕು ಕಟ್ಟಿರುತ್ತದೆ. ಅದು ಚಿಟ್ಟಿಲಿಯದ್ದನ್ನೇ ಹುಡುಕಿ ಹಿಡಿಯಬೇಕು. ಚಿಟ್ಟಿಲಿಯದ್ದನ್ನು ಹಿಡಿಯುವುದರ ಬದಲು ಇಲಿಯದ್ದನ್ನು ಹಿಡಿಯುವ ಟ್ಯೂಬು ಹಾಕಿದರೆ ಅದಕ್ಕೆ ಹಿಡಿಯಲು ಏನೂ ಸಿಗದೆ ತೊಳೆದುಹೋಗುತ್ತದೆ. ಆಗ ನೆಸ್ಟಿನ್ ಇದ್ದರೂ ಕತ್ತಲೆ.

ಪರದೆ ಸರಿಯಿತು. ಭಾರ್ಗವ ಐಸ್ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದ. ಎರಡು ಬೆರಳ ನಡುವೆ ಒಂದು ಪುಟ್ಟ ಟ್ಯೂಬು. ಜಯನಗರ ನಾಲ್ಕನೇ ಬ್ಲಾಕಿನ ಹುಡುಗ, ಪಿಎಚ್.ಡಿ.ಯ ಐದನೇ ವರ್ಷ. ಮುಖ ಬಿಳಿಚಿಕೊಂಡಿತ್ತು.

“ಇದು ಯಾರ್ ಅಕ್ಷರ?”

“ನಂದೇ ಸಾರ್.”

“ಏನ್ ಬರ್ದಿದೆ?”

“ನಿಮ್ಗೂ ಕನ್ನಡ ಬರತ್ತಲ್ಲ. ಇಲಿ.”

“ಇಲಿ ಅಂದ್ರೆ ಏನ್ರೀ?”

“ಇಲಿ ಅಂದ್ರೆ ಇಲಿ. ನೀವು ರ‍್ಯಾಟು ಅಂತೀರಲ್ಲ, ಅದು.”

“ಮತ್ತೆ ಮೌಸು?”

“ಅದು ಚಿಟ್ಟಿಲಿ. ಅದರ ಟ್ಯೂಬು ಮೇಲಿನ ರ‍್ಯಾಕಲ್ಲಿದೆ. ಚಿಟ್ಟಿಲಿ ಅಂತ್ಲೇ ಬರ್ದಿದೀನಿ.”

ಪಕ್ಕದ ಮೇಜಿನಲ್ಲಿದ್ದ ಸಂಘಮಿತ್ರಾ ಫಕ್ಕನೆ ನಕ್ಕಳು. ಗಿರಿನಗರದವಳು, ಭಾರ್ಗವನಿಗಿಂತ ಎರಡು ವರ್ಷ ಚಿಕ್ಕವಳು. “ಅಯ್ಯೋ ಗುರು, ಚಿಟ್ಟಿಲಿ! ನಮ್ಮಜ್ಜಿ ಅನ್ನೋರು. ಎಷ್ಟ್ ವರ್ಷ ಆಯ್ತು ಆ ಮಾತು ಕೇಳಿ.”

“ನಗ್ಬೇಡ ನೀನು,” ಎಂದ ಭಾರ್ಗವ. ಆ ದನಿಗೆ ಅವಳ ನಗು ಅರ್ಧಕ್ಕೇ ನಿಂತಿತು.

ಅವನು ಜೇಬಿನಿಂದ ಫೋನ್ ತೆಗೆದು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟು ಮನೆಗೆ ಕರೆ ಮಾಡಿದ.

“ಅಮ್ಮಾ, ಮೌಸ್‌ಗೆ ಕನ್ನಡದಲ್ಲಿ ಏನು?”

“ಯಾಕೋ? ಇಲಿ.”

“ರ‍್ಯಾಟ್‌ಗೆ?”

“ಅದೂ ಇಲೀನೇ. ಸ್ವಲ್ಪ ದಪ್ಪಗಿರತ್ತೆ. ಏನಾಯ್ತೋ, ಲ್ಯಾಬಲ್ಲಿ ತಪ್ಪಿಸ್ಕೊಂಡ್ವಾ? ಕೈ ಹಾಕ್ಬೇಡ ಕಣೋ, ಕಚ್ಚತ್ತೆ. ಊಟ ಆಯ್ತಾ?”

ಕರೆ ಕಟ್ ಮಾಡಿ ಕೆಂಪಕ್ಕನ ಕಡೆ ತಿರುಗಿದ. “ಕೇಳಿಸ್ತಾ? ಇಡೀ ಕರ್ನಾಟಕಕ್ಕೆ ಇಲಿ ಅಂದ್ರೆ ಮೌಸು. ನಿಮಗೊಬ್ರಿಗೆ ಬೇರೆ.”

“ನಿಮ್ಮಮ್ಮ ಎರಡೂ ಇಲಿ ಅಂದ್ರು ಸಾರ್. ಮೌಸು ಒಂದೇ ಇಲಿ ಅಂತ ಎಲ್ಲಂದ್ರು?”

ಭಾರ್ಗವ ಟ್ಯೂಬನ್ನು ಐಸಿನಲ್ಲಿ ಊರಿ ಮಹಡಿಯ ಮೆಟ್ಟಿಲು ಹತ್ತಿದ. ಮೇಲೆ ಲ್ಯಾಬಿನ ಮುಖ್ಯಸ್ಥೆ ಡಾ. ವಾರಿಜಾ ಅವರ ಕೋಣೆ.

ಕೆಂಪಕ್ಕನ ಅಪ್ಪ ಯಲ್ಲಯ್ಯ ಇಟ್ಟಮಡುವಿನ ಭಜನೆ ಮನೆಯಲ್ಲಿ ಪುರಾಣ ಓದುತ್ತಿದ್ದವರು. ಅವರ ಓದನ್ನು ಕೇಳಿ ಕೇಳಿಯೇ ಅವಳಿಗೆ ನೂರಾರು ಪದ್ಯ ಬಾಯಿಗೆ ಬಂದಿದ್ದವು. ಸ್ಲೈಡು ತೊಳೆಯುವ ಹೊತ್ತನ್ನು ಅವಳು ಗಡಿಯಾರದಲ್ಲಿ ನೋಡುತ್ತಿರಲಿಲ್ಲ. ಹನ್ನೊಂದು ಪದ್ಯಕ್ಕೆ ಐದು ನಿಮಿಷ. ಮೂರು ಸಲ ತೊಳೆಯಬೇಕು, ಮೂವತ್ತಮೂರು ಪದ್ಯ. ತುಟಿಯೊಳಗೇ ಹೇಳಿಕೊಳ್ಳುವುದು, ಹತ್ತಿರ ಬಂದವರಿಗೆ ಮಾತ್ರ ಸಣ್ಣ ಗುಂಯ್‌ಗುಟ್ಟುವಿಕೆ. ಹಳಬರು ಯಾರೂ ಅದಕ್ಕೆ ಏನೂ ಅಂದದ್ದಿಲ್ಲ.

ಕಳೆದ ಜೂನಿನಲ್ಲಿ ಹೊರಗಿನ ಕಾಲೇಜಿನ ಮಕ್ಕಳು ಲ್ಯಾಬು ನೋಡಲು ಬಂದಿದ್ದರು. ಅವರಿಗೆ ಕೆಲಸ ತೋರಿಸುತ್ತಿದ್ದ ಭಾರ್ಗವ ಥಟ್ಟನೆ ತಿರುಗಿ, “ಇದೇನ್ ಲ್ಯಾಬಾ, ಭಜನೆ ಮಂದಿರಾನಾ?” ಎಂದಿದ್ದ. ಮಕ್ಕಳು ನಕ್ಕವು. ಆ ನಗುವಿನ ಉತ್ಸಾಹದಲ್ಲಿ ಇನ್ನಷ್ಟು ಸೇರಿಸಿದ: “ನೋಡಿ, ನಾನು ಕೆಲ್ಸ ಮಾಡೋವಾಗ ನಿಮ್ ಬಾಯಿಂದ ಒಂದ್ ಶಬ್ದ ಬರ್ಬಾರ್ದು. ಪದ್ಯಾನೂ ಬೇಡ, ಬುದ್ಧೀನೂ ಬೇಡ. ನಾನಾಗಿ ಕೇಳಿದ್ರೆ ಮಾತ್ರ ಹೇಳಿ.”

“ಆಗ್ಲಿ ಸಾರ್,” ಎಂದಿದ್ದಳು.

ಅವತ್ತಿಂದ ಅವಳು ಬಾಯಿ ಮುಚ್ಚಿದಳು. ಸಿಟ್ಟಿಗೋ ಅಭಿಮಾನಕ್ಕೋ ಅವಳಿಗೇ ಹೇಳಲು ಬಾರದು.

ಜುಲೈನಲ್ಲಿ ಭಾರ್ಗವನ ದೊಡ್ಡ ಪ್ರಯೋಗ. ಸೊಳ್ಳೆ ಓಡಿಸುವ ದ್ರವದಲ್ಲಿರುವ ಒಂದು ರಾಸಾಯನಿಕ, ತಟ್ಟೆಯಲ್ಲಿ ಬೆಳೆಸಿದ ಮನುಷ್ಯರ ಆಕರಕೋಶಗಳನ್ನು ಏನು ಮಾಡುತ್ತದೆ ಎಂದು ನೋಡುವುದು. ರಾಸಾಯನಿಕ ಹಾಕದ ತಟ್ಟೆಗಳಿಗೆ ಮೊದಲನೇ ಸೋಮವಾರ ಎರಡೂ ಆಂಟಿಬಾಡಿ ಹಾಕಿ ಬಣ್ಣ ಕಟ್ಟಿದರು. ಟ್ಯೂಬು ತೆಗೆದುಕೊಟ್ಟವಳು ಕೆಂಪಕ್ಕ. ಎಲ್ಲ ಕೋಶಗಳೂ ಹಸಿರಾಗಿ ಹೊಳೆದವು. ರಾಸಾಯನಿಕ ಹಾಕಿದ ತಟ್ಟೆಗಳು ಸಿದ್ಧವಾದದ್ದು ಮುಂದಿನ ಸೋಮವಾರ. ಎರಡನ್ನೂ ಒಂದೇ ದಿನ, ಒಂದೇ ಕೈಯಲ್ಲಿ ಮಾಡಬೇಕೆಂಬುದು ಲ್ಯಾಬಿನ ನಿಯಮ. ಭಾರ್ಗವನಿಗೆ ಅವಸರವಿತ್ತು. ಆ ದಿನ ಅವನೇ ಫ್ರಿಜ್ಜಿನ ಬಾಗಿಲು ತೆಗೆದ.

ಕೆಂಪಕ್ಕ ಮೂರು ಅಡಿ ದೂರದಲ್ಲಿ ನಿಂತಿದ್ದಳು. ಅವನ ಕೈ ಕೆಳಗಿನ ರ‍್ಯಾಕಿಗೆ ಹೋಯಿತು, ‘ಇಲಿ’ ಎಂದು ಬರೆದ ಟ್ಯೂಬನ್ನು ಎತ್ತಿಕೊಂಡಿತು. ಅವಳ ಬಾಯಿ ತೆರೆಯಿತು. ಮತ್ತೆ ಮುಚ್ಚಿಕೊಂಡಿತು. ಸ್ಲೈಡು ಖಾಲಿ ಬರತ್ತೆ, ಬಂದು ಕೇಳ್ತಾನೆ, ಆಗ ಹೇಳ್ತೀನಿ ಎಂದುಕೊಂಡಳು. ಕೇಳಲಿ, ಅವನಾಗಿಯೇ ಬಂದು ಕೇಳಲಿ.

ಸ್ಲೈಡು ಖಾಲಿಯೇ ಬಂತು. ಆದರೆ ಅವನು ಬಂದು ಕೇಳಲಿಲ್ಲ. ಖಾಲಿಯೇ ಅವನಿಗೆ ಬೇಕಾಗಿತ್ತು. ಸೊಳ್ಳೆ ದ್ರವ ಆಕರಕೋಶಗಳನ್ನು ಅಳಿಸಿಹಾಕುತ್ತದೆ! ಸಂಜೆ ಎಲ್ಲರಿಗೂ ಮಸಾಲೆ ದೋಸೆ ತರಿಸಿದ. ಕೆಂಪಕ್ಕನೂ ತಿಂದಳು. ಯಾಕೆ ಸಂತೋಷ ಎಂಬುದು ಅವತ್ತು ಅವಳಿಗೆ ಸರಿಯಾಗಿ ಗೊತ್ತಾಗಿರಲಿಲ್ಲ. ಹದಿನೈದು ದಿನ ಕಳೆದು ಗೋಡೆಗೆ ದೊಡ್ಡ ಪೋಸ್ಟರು ಅಂಟಿಸಿದಾಗ ಗೊತ್ತಾಯಿತು: ಎಡಕ್ಕೆ ಹಸಿರು ಚಿತ್ರ, ಬಲಕ್ಕೆ ಕಪ್ಪು ಚಿತ್ರ. ಆ ಕಪ್ಪು ಯಾವ ಟ್ಯೂಬಿನದೆಂದು ಆ ಕಟ್ಟಡದಲ್ಲಿ ತಿಳಿದಿದ್ದವಳು ಅವಳೊಬ್ಬಳೇ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಿರುವಾಗಲೇ ಡಾ. ವಾರಿಜಾ ಆ ಚಿತ್ರ ಹಿಡಿದು ಎರಡು ಊರಲ್ಲಿ ಭಾಷಣ ಮಾಡಿ ಬಂದರು, ಪತ್ರಿಕೆಗೆ ಪ್ರಬಂಧ ಹೋಯಿತು, ದೆಹಲಿಯ ಮಂಡಳಿಯೊಂದು ಮುಂದಿನ ಸಂಶೋಧನೆಗೆ ಒಪ್ಪಿಗೆ ಕೊಟ್ಟಿತು. ದಿನ ಹೋದಷ್ಟೂ ಹೇಳುವುದು ಇನ್ನೂ ಕಷ್ಟವಾಯಿತು.

ಪ್ರಬಂಧ ಪರಿಶೀಲಿಸಿದವರಲ್ಲಿ ಯಾರೋ ಒಬ್ಬರು ಫೆಬ್ರವರಿಯಲ್ಲಿ ಒಂದೇ ಸಾಲು ಬರೆದು ಕಳಿಸಿದ್ದರು: ಎರಡನ್ನೂ ಒಂದೇ ದಿನ ಮಾಡಿ ತೋರಿಸಿ. ಅದಕ್ಕಾಗಿ ಸಂಘಮಿತ್ರಾ ಮೇಲಿನ ರ‍್ಯಾಕಿನಿಂದ ಟ್ಯೂಬು ತೆಗೆದುಕೊಟ್ಟಳು. ಇವತ್ತು ಭಾರ್ಗವ ನೋಡಿದಾಗ ಎರಡೂ ತಟ್ಟೆ ಹಸಿರು. ಜುಲೈನಲ್ಲಿ ತಾನೇ ಎತ್ತಿಕೊಂಡಿದ್ದ ಟ್ಯೂಬನ್ನು ಹುಡುಕಿ ತೆಗೆದು ಅದರ ಹೆಸರು ಓದಿದ್ದು ಆಗಲೇ.

ಸ್ವಲ್ಪ ಹೊತ್ತಿನಲ್ಲೇ ಮೇಲಿನಿಂದ ಕರೆ ಬಂತು. ಡಾ. ವಾರಿಜಾ ಕುರ್ಚಿ ತೋರಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಕೆಂಪಕ್ಕನಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಭಾರ್ಗವ ಕಿಟಕಿಯ ಹತ್ತಿರ ನಿಂತಿದ್ದ.

“ಚಿಟ್ಟಿಲಿ. ಇದ್ಯಾವ ಕನ್ನಡ ಕೆಂಪಕ್ಕ?”

“ನಾವಾಡೋ ಕನ್ನಡ ಮೇಡಂ. ಅಕ್ಕಿ ಮಡಿಕೆಗೆ ಬರೋದು ಚಿಟ್ಟಿಲಿ, ಗದ್ದೇಲಿ ಇರೋದು ಇಲಿ, ಮೋರೀಲಿ ಹೆಗ್ಗಣ. ಒಂದಕ್ಕೊಂದು ಬೇರೆ. ಇಲ್ಲೂ ಎರಡು ಬೇರೆ ಅಂತಲೇ ಬೇರೆ ಬೇರೆ ಬರ್ದೆ.”

“ಓದಿದೋರು ಯಾರೂ ಹಾಗೆ ಅನ್ನಲ್ಲ.”

“ನಮ್ ಕೇರೀಲಿ ಅಂತಾರೆ.”

“ಇದು ನಿಮ್ ಕೇರಿ ಅಲ್ಲ.”

ಕೆಂಪಕ್ಕ ಹೇಳಿದಳು: “ನವೆಂಬರಲ್ಲಿ ನೀವೇ ನನ್ ಟ್ಯೂಬುಗಳ ಫೋಟೋ ತೆಗ್ಸಿ ಕೆಳಗೆ ಹಾಕ್ಸಿದ್ರಿ ಮೇಡಂ. ನಮ್ಮ ಲ್ಯಾಬು ಕನ್ನಡ ಮಾತಾಡುತ್ತೆ ಅಂತ. ಅದ್ರಲ್ಲಿ ಚಿಟ್ಟಿಲೀನೂ ಇದೆ, ಇಲೀನೂ ಇದೆ.”

ಡಾ. ವಾರಿಜಾ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. “ಅದೆಲ್ಲ ಈಗ ಬೇಡ. ದೆಹಲಿಗೆ ನಾವು ಉತ್ತರ ಕೊಡ್ಬೇಕು. ಲೇಬಲ್ ತಪ್ಪಾಗಿತ್ತು ಅಂತ ನೀವೊಂದು ಕಾಗದ ಕೊಡಿ. ಮಾರ್ಚಿಗೆ ನಿಮ್ ಕಾಂಟ್ರಾಕ್ಟ್ ಮುಗಿಯತ್ತೆ, ಅದನ್ನ ನಾನು ನೋಡ್ಕೋತೀನಿ.”

“ಲೇಬಲ್ ತಪ್ಪಿರ್ಲಿಲ್ಲ.”

“ತಪ್ಪಿತ್ತೋ ಇಲ್ವೋ, ಜನಕ್ಕೆ ಅರ್ಥ ಆಗದ ಲೇಬಲ್ಲೂ ತಪ್ಪೇ. ಯೋಚ್ನೆ ಮಾಡಿ. ಶುಕ್ರವಾರ ಹೇಳಿ.”

ಆ ವಾರ ಅವಳನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮಂಗಳವಾರ ಬೆಳಗ್ಗೆ ಬರುವಷ್ಟರಲ್ಲಿ ಫ್ರಿಜ್ಜಿಗೆ ಹೊಸ ಬೀಗ ಬಿದ್ದಿತ್ತು. ರ‍್ಯಾಕಿನಲ್ಲಿದ್ದ ಅವಳ ಅಕ್ಷರದ ಚೀಟಿಗಳನ್ನೆಲ್ಲ ಸ್ಪಿರಿಟ್ಟಿನಲ್ಲಿ ಉಜ್ಜಿ ಅಳಿಸಿ ಯಂತ್ರದಲ್ಲಿ ಛಾಪಿಸಿದ ಇಂಗ್ಲಿಷ್ ಚೀಟಿ ಅಂಟಿಸಿದ್ದರು. ಬಣ್ಣ ಕಟ್ಟುವ ಮೇಜಿನ ಮುಂದಿದ್ದ ಅವಳ ಸ್ಟೂಲು ಪ್ರಾಣಿಗಳ ಕೋಣೆಯ ಬಾಗಿಲಲ್ಲಿತ್ತು. ಮೇಲೆ ಒಂದು ಬ್ರಷ್ಷು, ಒಂದು ಜೊತೆ ರಬ್ಬರ್ ಕೈಗವಸು.

“ಪಂಜರ ತೊಳೆಯೋರು ರಜೆ ಹಾಕಿದಾರೆ,” ಎಂದ ಭಾರ್ಗವ, ಅವಳ ಮುಖ ನೋಡದೆ. “ನಿಮಗೆ ಇಲಿಗಳ ಜಾತಿ ಕುಲ ಎಲ್ಲಾ ಚೆನ್ನಾಗ್ ಗೊತ್ತಲ್ಲ.”

ಕೆಂಪಕ್ಕ ಕೈಗವಸು ಹಾಕಿಕೊಂಡಳು. ಮೊದಲ ಪಂಜರದಲ್ಲಿದ್ದವು ಚಿಟ್ಟಿಲಿಗಳೇ, ಬೆರಳುದ್ದದ ಬಿಳಿಯವು. ಅವಳ ಕೈ ಕಂಡು ಮೂಲೆಗೆ ಒತ್ತಿಕೊಂಡವು.

ಅವತ್ತು ಮಧ್ಯಾಹ್ನ ಅರ್ಧ ದಿನದ ರಜೆ ಕೇಳಿ ಬನಶಂಕರಿ ದೇವಸ್ಥಾನಕ್ಕೆ ಹೋದಳು. ಮಂಗಳವಾರದ ರಾಹುಕಾಲ. ನಿಂಬೆಹಣ್ಣಿನ ದೀಪ ಹಚ್ಚುವ ಹೆಂಗಸರ ನಡುವೆ ಕೂತು, ಹೋಳು ಹಿಂಡಿ, ಸಿಪ್ಪೆ ತಿರುವಿ, ಎಣ್ಣೆ ಬಿಟ್ಟು ಬತ್ತಿ ಇಟ್ಟಳು. ಕೆಲಸ ಉಳಿಸು ತಾಯಿ ಎಂದು ಕೇಳಬೇಕೆಂದೇ ಬಂದಿದ್ದಳು. ಕೈ ಮುಗಿದಾಗ ಆ ಮಾತು ಬರಲಿಲ್ಲ. ನಾನು ನೋಡಿದ್ದೆ, ನೋಡಿ ಸುಮ್ಮನಿದ್ದೆ ಎಂದಷ್ಟೇ ಬಂತು. ಪಕ್ಕದ ಹೆಂಗಸು ತಿರುಗಿ ನೋಡಿದಾಗ ತಾನು ಜೋರಾಗಿ ಹೇಳಿದೆನೆಂದು ಗೊತ್ತಾಯಿತು.

ಗುರುವಾರ ಸಂಜೆ ಸಾರಕ್ಕಿ ಸಿಗ್ನಲ್ಲಿನ ತನಕ ಸಂಘಮಿತ್ರಾ ಜೊತೆಗೆ ನಡೆದುಬಂದಳು. ಬಸ್ಸು ಕಾಯುತ್ತಾ ನಿಂತಾಗ ಹೇಳಿದಳು: “ಬರ್ದ್ಕೊಟ್ಬಿಡಿ ಕೆಂಪಕ್ಕ. ಒಂದ್ ಕಾಗದ ತಾನೇ? ಇಲ್ದಿದ್ರೆ ಮಾರ್ಚಿಗೆ ಕಳಿಸ್ತಾರೆ. ಮೇಡಂ ಫೋನಲ್ಲಿ ಅಂದಿದ್ದು ಕೇಳಿಸ್ಕೊಂಡೆ.”

“ನಿನ್ ಕಣ್ಣಿಗೆ ನನ್ ಲೇಬಲ್ ತಪ್ಪಾ?”

“ನನಗೆ ಗೊತ್ತಿತ್ತಲ್ಲ ಚಿಟ್ಟಿಲಿ ಅಂದ್ರೆ.”

“ಅದನ್ನ ಮೇಡಂ ಮುಂದೆ ಹೇಳ್ತೀಯಾ?”

ಹುಡುಗಿ ರಸ್ತೆಯ ಕಡೆ ನೋಡಿದಳು. “ನನ್ ಥೀಸಿಸ್ಸೂ ಅವರ ಕೈಯಲ್ಲೇ ಇದೆ ಕೆಂಪಕ್ಕ.”

“ಸರಿ ಬಿಡವ್ವ,” ಎಂದಳು ಕೆಂಪಕ್ಕ. ಬಸ್ಸು ಬಂದಾಗ ಹಿಂತಿರುಗಿ ನೋಡದೆ ಹತ್ತಿದಳು.

ಶುಕ್ರವಾರ ಕಾಗದ ಸಿದ್ಧವಾಗಿತ್ತು. ಇಂಗ್ಲಿಷ್ ಓದಲು ಬರದು, ಏನಿದೆಯೋ ಗೊತ್ತಿರಲಿಲ್ಲ ಎಂದು ಅವಳು ನಾಳೆ ಹೇಳಬಾರದಲ್ಲ, ಅದಕ್ಕೆ ಅಚ್ಚುಕಟ್ಟಾದ ಕನ್ನಡದಲ್ಲೇ ಛಾಪಿಸಿದ್ದರು. ಕೆಂಪಕ್ಕ ಅದನ್ನು ಕೈಗೆತ್ತಿಕೊಂಡು ಜೋರಾಗಿ ಓದಿದಳು. ಓದಿದ್ದನ್ನು ಕಿವಿಯಲ್ಲಿ ಕೇಳದೆ ಅವಳಿಗೆ ನಂಬಿಕೆ ಬರುತ್ತಿರಲಿಲ್ಲ.

“‘ಎರಡನೆಯ ಆಂಟಿಬಾಡಿಯ ಟ್ಯೂಬಿನ ಮೇಲೆ ನಾನು ಅಜಾಗರೂಕತೆಯಿಂದ ತಪ್ಪು ಹೆಸರನ್ನು ನಮೂದಿಸಿದ್ದರಿಂದ ಸದರಿ ಪ್ರಯೋಗದ ಫಲಿತಾಂಶದಲ್ಲಿ ದೋಷ ಉಂಟಾಗಿರುತ್ತದೆ.’” ಕಾಗದ ಇಳಿಸಿದಳು. “ಅಜಾಗರೂಕತೆ ಅಂತ ಇದೆ.”

“ಅದು ಮಾಮೂಲಿ ಪದ,” ಎಂದರು ಡಾ. ವಾರಿಜಾ.

“ಇದು ಸುಳ್ಳು ಮೇಡಂ. ಆದ್ರೆ ನನ್ ತಪ್ಪು ಒಂದಿದೆ. ಅದನ್ನ ಬರೀರಿ, ಈಗ್ಲೇ ಸೈನ್ ಹಾಕ್ತೀನಿ.”

“ಏನದು?”

“ಜುಲೈನಲ್ಲಿ ಭಾರ್ಗವ ಸಾರ್ ಇಲಿ ಟ್ಯೂಬು ತಗೊಂಡಿದ್ದು ನಾನು ನೋಡ್ದೆ. ನೋಡಿ ಸುಮ್ನಿದ್ದೆ. ಬಾಯಿ ಬಿಡ್ಬೇಡ ಅಂದಿದ್ರು, ಸಿಟ್ಟಿತ್ತು, ಬಿಡ್ಲಿಲ್ಲ. ಪೋಸ್ಟರ್ ಹಾಕಿದ್ಮೇಲೂ ಹೇಳ್ಲಿಲ್ಲ. ಅದು ನನ್ ತಪ್ಪು.”

ಭಾರ್ಗವ ಕಿಟಕಿಯಿಂದ ತಿರುಗಿದ. “ನೋಡಿದ್ರಾ? ನೋಡ್ಕೊಂಡ್ ನಿಂತಿದ್ರಾ?” ಅವನ ಧ್ವನಿ ಒಡೆಯಿತು. “ಏಳು ತಿಂಗ್ಳು! ನಾನು ಊರೆಲ್ಲ ಹೇಳ್ಕೊಂಡ್ ತಿರುಗಿದ್ದು ಕಾಣ್ತಿತ್ತಲ್ಲ ನಿಮಗೆ? ಎಂಥ ವಿಷ ಕಣ್ರೀ ನೀವು!”

“ಹೌದು,” ಎಂದಳು ಕೆಂಪಕ್ಕ. “ಬರೀರಿ ಅದನ್ನ.”

ಡಾ. ವಾರಿಜಾ ಅವರ ಕಣ್ಣು ಒಂದು ಕ್ಷಣ ಹೊಳೆದದ್ದನ್ನು, ಆಮೇಲೆ ನಿಧಾನವಾಗಿ ಆರಿದ್ದನ್ನು ಕೆಂಪಕ್ಕ ನೋಡಿದಳು. ನೋಡಿ ಸುಮ್ಮನಿದ್ದಳು ಎಂದು ಬರೆದರೆ ಅವಳನ್ನು ಇವತ್ತೇ ಕಳಿಸಬಹುದು. ಆದರೆ ಅದೇ ಕಾಗದ, ಟ್ಯೂಬಿನ ಮೇಲಿನ ಹೆಸರು ಸರಿಯಾಗಿಯೇ ಇತ್ತು ಎಂದೂ ಹೇಳುತ್ತದೆ. ತೆಗೆದುಕೊಂಡ ಕೈ ಯಾರದೆಂದು ಹೇಳುತ್ತದೆ. ಎರಡನ್ನು ಎರಡು ಸೋಮವಾರ ಮಾಡಿದ್ದನ್ನು ಮೇಲಿನವರು ಯಾಕೆ ಕೇಳಲಿಲ್ಲ ಎಂಬ ಪ್ರಶ್ನೆಯನ್ನೂ ದೆಹಲಿಯಲ್ಲಿ ಯಾರಾದರೂ ಕೇಳುತ್ತಾರೆ.

“ಅದು ಬೇಕಾಗಿಲ್ಲ,” ಎಂದರು ಕೊನೆಗೆ. “ಇದಕ್ಕೆ ಹಾಕಿ. ಹಾಕ್ದಿದ್ರೆ ಮೂವತ್ತೊಂದಕ್ಕೆ ನಿಮ್ ಕೊನೇ ದಿನ. ನನಗೆ ಇನ್ನೊಂದು ಮೀಟಿಂಗ್ ಇದೆ.” ಎದ್ದು ಹೋದರು. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

ಕೋಣೆಯಲ್ಲಿ ಇಬ್ಬರೇ ಉಳಿದರು. ಭಾರ್ಗವ ಅವಳ ಎದುರಿನ ಕುರ್ಚಿಯಲ್ಲಿ ಕೂತ. ಕಾಗದವನ್ನು ಅವಳ ಕಡೆ ತಿರುಗಿಸಿ, ಪೆನ್ನಿನ ಮುಚ್ಚಳ ತೆಗೆದು ಅದರ ಮೇಲಿಟ್ಟ.

“ಐದು ವರ್ಷ ಕೆಂಪಕ್ಕ. ನನ್ ತಪ್ಪು ಅಂತ ಹೋದ್ರೆ ಡಿಗ್ರಿ ಇಲ್ಲ. ನಿಮಗೆ ಏನಾಗತ್ತೆ ಇದ್ರಿಂದ? ಲೇಬಲ್ ತಪ್ಪು ಬರೆದ್ರು ಅಂತ ಯಾರೂ ಜೈಲಿಗ್ ಹಾಕಲ್ಲ. ಕೆಲ್ಸಾನೂ ಉಳಿಯತ್ತೆ.”

“ಇಪ್ಪತ್ತೆರಡು ವರ್ಷದಲ್ಲಿ ನಾನೊಂದ್ ಹೆಸರು ತಪ್ಪು ಬರ್ದಿಲ್ಲ ಸಾರ್.”

“ಗೊತ್ತು. ನನಗ್ ಗೊತ್ತಲ್ಲ, ಸಾಲದಾ?”

“ನಿಮಗ್ ಗೊತ್ತಿರೋದು ಈ ಕಾಗದದಲ್ಲಿ ಇಲ್ವಲ್ಲ.”

“ಆವತ್ತು ಮಕ್ಕಳ ಮುಂದೆ ಅಂದಿದ್ದಕ್ಕೆ ಸಾರಿ. ಸಾಕಾ? ಕಾಲಿಗೆ ಬೀಳ್ಬೇಕಾ? ಹೇಳಿ, ಬೀಳ್ತೀನಿ.” ಅವನ ದನಿಯಲ್ಲಿ ಬೇಡಿಕೆಯ ಜೊತೆ ಹಳೆಯ ತಾತ್ಸಾರವೂ ಹಾಗೇ ಇತ್ತು, ಒಂದನ್ನು ಬಿಟ್ಟು ಇನ್ನೊಂದನ್ನು ತರಲು ಅವನಿಗೆ ಸಾಧ್ಯವಾಗುತ್ತಿರಲಿಲ್ಲ. “ಒಂದ್ ಸೈನ್. ಹಾಕಿ. ಪ್ಲೀಸ್.”

ಕೆಂಪಕ್ಕ ಪೆನ್ನು ಎತ್ತಿದಳು. ಅದಕ್ಕೆ ಮುಚ್ಚಳ ಹಾಕಿ, ಅವನ ಮುಂದಕ್ಕೆ ತಳ್ಳಿದಳು.

“ಹಾಕಲ್ಲ.”